ಹಂಪಿಯಿಂದ ಬಂದ ಮಕ್ಕಳಿಗೆ ನೆನಪಿರುವುದು ತೆಪ್ಪ ಮಾತ್ರವಾ? ಅಲ್ಲಿಂದಲೇ ಶುರು ಮಾಡಿ

ಪ್ರಶ್ನೆ: ನಾವು ಮೈಸೂರಿನಲ್ಲಿದ್ದೇವೆ. ಹೋದ ವರ್ಷದಿಂದ ಇಬ್ಬರು ಮಕ್ಕಳನ್ನೂ ಶಾಲೆ ಬಿಡಿಸಿ ಹೋಮ್‌ಸ್ಕೂಲಿಂಗ್ ಮಾಡುತ್ತಿದ್ದೇವೆ. ಮಗಳಿಗೆ 11, ಮಗನಿಗೆ 7. ಇತಿಹಾಸವನ್ನು ಪುಸ್ತಕದಿಂದ ಬೇಡ, ಜಾಗಗಳನ್ನು ತೋರಿಸಿಯೇ ಕಲಿಸೋಣ ಅಂತ ಡಿಸೆಂಬರ್‌ನಲ್ಲಿ ಎರಡು ದಿನ ಹಂಪಿಗೆ ಹೋಗಿ ಬಂದೆವು. ಗೈಡ್ ಇಟ್ಟುಕೊಂಡು ಎಲ್ಲಾ ನೋಡಿದೆವು. ವಾರ ಬಿಟ್ಟು ಕೇಳಿದರೆ ಇಬ್ಬರಿಗೂ ನೆನಪಿದ್ದದ್ದು ತೆಪ್ಪದಲ್ಲಿ ಗಿರಗಿರ ತಿರುಗಿದ್ದು ಮಾತ್ರ. ಅತ್ತೆ ಮಾವ ‘ಓದು ಬಿಟ್ಟು ಊರೂರು ಸುತ್ತೋದಾ’ ಅಂತ ಕೇಳುತ್ತಾರೆ. ನನಗೂ ಈಗ ಅನುಮಾನ ಶುರುವಾಗಿದೆ. ಹೀಗೆ ಇತಿಹಾಸ ಕಲಿಸಲು ಆಗುತ್ತದಾ? ಮುಂದೆ ಪರೀಕ್ಷೆಯ ಗತಿ ಏನು?

ಉತ್ತರ: ನಿಮ್ಮ ಪತ್ರ ಓದಿ ನನಗೆ ಖುಷಿಯೇ ಆಯಿತು. ಎಲ್ಲಿ ಸೋತೆವು ಅಂತ ನೀವು ಅಂದುಕೊಂಡಿದ್ದೀರೋ, ಅಲ್ಲೇ ನಿಮ್ಮ ಮಕ್ಕಳು ಒಂದು ಒಳ್ಳೆಯ ತುಣುಕನ್ನು ಹಿಡಿದುಕೊಂಡು ಬಂದಿದ್ದಾರೆ.

1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯ ಆಳುತ್ತಿದ್ದಾಗ, ಡೊಮಿಂಗೊ ಪಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದಿದ್ದ. ಜನ ಹೊಳೆ ದಾಟಿ ಆನೆಗೊಂದಿ ಕಡೆಗೆ ಹೋಗುವುದನ್ನು ಅವನು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿಗಳಂತೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನ ಕೂರಬಹುದಂತೆ. ನೇರವಾಗಿ ಹೋಗದೆ ಸದಾ ಸುತ್ತುತ್ತಲೇ ಇರುತ್ತವೆ ಅಂತಲೂ ಬರೆದಿದ್ದಾನೆ. ಐನೂರು ವರ್ಷದ ಹಿಂದೆ ಅಷ್ಟು ದೂರದಿಂದ ಬಂದವನಿಗೆ ನೆನಪಿನಲ್ಲಿ ಉಳಿದದ್ದೂ, ನಿಮ್ಮ ಏಳು ವರ್ಷದ ಮಗನಿಗೆ ಉಳಿದದ್ದೂ ಒಂದೇ! ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಟಾರು ಬಂದಿವೆ. ಅಷ್ಟೇ ವ್ಯತ್ಯಾಸ.

ಹಾಗಾಗಿ ಹಂಪಿ ಮುಗಿಯಿತು ಅಂತ ಪುಸ್ತಕ ಮುಚ್ಚಬೇಡಿ. ಇವತ್ತು ಸಂಜೆಯೇ ಪಯಸ್ ಏನು ನೋಡಿದ ಅಂತ ಅವರಿಗೆ ಹೇಳಿ. ನಂತರ ಬಿದಿರು ಸೀಳು, ಹಳೆ ಬಟ್ಟೆ, ಸ್ವಲ್ಪ ಮೇಣ ಕೊಟ್ಟು ಪುಟ್ಟ ತೆಪ್ಪ ಮಾಡಿಸಿ. ನೀರಿನ ತೊಟ್ಟಿಯಲ್ಲಿ ಬಿಟ್ಟು ಒಂದೊಂದೇ ಕಲ್ಲು ಹಾಕಿ ಮುಳುಗುವವರೆಗೆ ಎಣಿಸಲಿ. ದುಂಡಗೇ ಯಾಕೆ ಇರಬೇಕು ಅಂತ ಮಗಳನ್ನು ಕೇಳಿ. ತುಂಗಭದ್ರೆಯ ಆ ಜಾಗದ ತುಂಬ ಬಂಡೆಗಳಿವೆ ಅಲ್ವಾ? ಉದ್ದದ ದೋಣಿ ಬಂಡೆಗೆ ತಾಗಿದರೆ ಗತಿಯಿಲ್ಲ. ತೆಪ್ಪ ತಾಗಿದರೂ ತಿರುಗಿಕೊಂಡು ಮುಂದಕ್ಕೆ ಹೋಗುತ್ತದೆ, ಕಡಿಮೆ ನೀರಿನಲ್ಲೂ ತೇಲುತ್ತದೆ, ದಡಕ್ಕೆ ಬಂದ ಮೇಲೆ ತಲೆಯ ಮೇಲೆ ಹೊತ್ತುಕೊಂಡೂ ಹೋಗಬಹುದು. ಇದನ್ನು ಅವಳೇ ಕಂಡುಕೊಂಡರೆ ಜನ್ಮದಲ್ಲಿ ಮರೆಯುವುದಿಲ್ಲ.

ನಾನು ಮೊದಲು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದವಳು. ಆಮೇಲೆ ನನ್ನ ಇಬ್ಬರು ಮಕ್ಕಳನ್ನು ಮನೆಯಲ್ಲೇ ಓದಿಸಿದೆ. ಈಗ ನಿಮ್ಮಂಥ ಮನೆಗಳವರ ಜೊತೆ ಕೂತು ಯೋಜನೆ ಮಾಡಿಕೊಡುತ್ತೇನೆ. ಬಂದವರಲ್ಲಿ ಜಾಸ್ತಿ ಜನ ಮಾಡುವುದು ನೀವು ಮಾಡಿದ್ದನ್ನೇ. ಎರಡು ದಿನದಲ್ಲಿ ಹದಿನೈದು ಜಾಗ, ಗೈಡ್ ಹೇಳುವ ಇಸವಿಗಳು, ಪ್ರತಿ ಕಂಬದ ಮುಂದೆ ಒಂದು ಫೋಟೋ. ಅದು ಪ್ರವಾಸ. ತಪ್ಪೇನಿಲ್ಲ, ಆದರೆ ಅದನ್ನು ಪಾಠ ಅಂತ ಲೆಕ್ಕ ಹಿಡಿಯಬೇಡಿ. ನನ್ನ ಸಲಹೆ ಒಂದೇ: ಹತ್ತು ಊರಿಗೆ ಒಂದೊಂದು ಸಲ ಹೋಗುವ ಬದಲು ಒಂದೇ ಊರಿಗೆ ಮೂರು ನಾಲ್ಕು ಸಲ ಹೋಗಿ. ಪ್ರತಿ ಸಲ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ.

ನೀವು ಮೈಸೂರಿನಲ್ಲಿದ್ದೀರಿ. ನಿಮಗೆ ಆ ಊರು ಶ್ರೀರಂಗಪಟ್ಟಣವೇ. ಸುಮಾರು 15 ಕಿಲೋಮೀಟರ್, ಬಸ್ಸೂ ಇದೆ, ರೈಲೂ ಇದೆ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಈ ಊರಿನಿಂದಲೇ ಒಂದು ವರ್ಷದ ಪಾಠ ಹೇಗೆ ಹುಟ್ಟುತ್ತದೆ ಅಂತ ಹೇಳುತ್ತೇನೆ.

ನನ್ನ ಮಗನಿಗೆ ಒಂಬತ್ತು ವರ್ಷವಿದ್ದಾಗ ನಾವು ಅಲ್ಲಿಗೆ ಹೋಗಿದ್ದು ಆಗಸ್ಟ್‌ನಲ್ಲಿ. ಕಾವೇರಿ ದಡ ತುಂಬಿ ಹರಿಯುತ್ತಿತ್ತು. 1799ರ ಮೇ 4ರಂದು ಬ್ರಿಟಿಷರ ಸೈನ್ಯ ಈ ಹೊಳೆ ದಾಟಿ ಬಂದು ಕೋಟೆ ಹತ್ತಿತು ಅಂತ ನಾನು ಹೇಳಿದೆ. ಅವನು ನೀರನ್ನೇ ನೋಡುತ್ತಾ ನಿಂತ. ‘ಇದನ್ನಾ? ಹೇಗೆ ದಾಟಿದರು?’ ಅಂದ. ಅಷ್ಟು ವರ್ಷ ಪಾಠ ಮಾಡಿದ್ದ ನನಗೆ ಆ ಪ್ರಶ್ನೆ ಒಂದು ಸಲವೂ ಹೊಳೆದಿರಲಿಲ್ಲ. ಮರುವರ್ಷ ಏಪ್ರಿಲ್ ಕೊನೆಯಲ್ಲಿ ಅದೇ ಜಾಗಕ್ಕೆ ಹೋದೆವು. ಬಂಡೆಗಳು ಎದ್ದು ಕಾಣುತ್ತಿದ್ದವು. ನಡುವೆ ಸಣ್ಣ ಸಣ್ಣ ಕಾಲುವೆ ಹಾಗೆ ನೀರು. ‘ಓ, ಅದಕ್ಕೇ ಮೇ ತಿಂಗಳು’ ಅಂದ. ಅವನಿಗೆ ಅವತ್ತು ಯುದ್ಧವೊಂದು ಅರ್ಥವಾಯಿತು.

ಆ ಎಳೆ ಹಿಡಿದು ನೋಡಿ, ಎಷ್ಟು ಬಿಚ್ಚಿಕೊಳ್ಳುತ್ತದೆ! 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಬೆಂಗಳೂರು ಕೋಟೆ ಹಿಡಿದ. ಮೇನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಅರಕೆರೆವರೆಗೂ ಬಂದ, ಅಲ್ಲಿನ ಕಾಳಗ ಗೆದ್ದ. ಆದರೂ ವಾಪಸ್ ಹೋದ. ಯಾಕೆ? ಮಳೆ ಶುರುವಾಗಿತ್ತು, ದವಸ ಮುಗಿಯುತ್ತಿತ್ತು, ಫಿರಂಗಿ ಎಳೆಯುವ ಎತ್ತುಗಳು ಸಾಯುತ್ತಿದ್ದವು. ಎಳೆಯಲು ಎತ್ತಿಲ್ಲದೆ ತನ್ನದೇ ದೊಡ್ಡ ಫಿರಂಗಿಗಳನ್ನು ತಾನೇ ಹಾಳು ಮಾಡಿ ಹೊರಟ. ಮತ್ತೆ ಬಂದದ್ದು 1792ರ ಫೆಬ್ರವರಿಯಲ್ಲಿ. ಆಗ ಟಿಪ್ಪು ಒಪ್ಪಂದ ಮಾಡಿಕೊಂಡು ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. 1799ರಲ್ಲಿ ಬಂದವರು ಏಪ್ರಿಲ್‌ನಲ್ಲೇ ಮುತ್ತಿಗೆ ಹಾಕಿ, ಹೊಳೆ ಏರುವ ಮೊದಲೇ ಮುಗಿಸಬೇಕು ಅಂತ ಹೊರಟವರು. ಶಾಲೆಯ ಪುಸ್ತಕದಲ್ಲಿ ಇವು ಮೂರನೆಯ ಮೈಸೂರು ಯುದ್ಧ, ನಾಲ್ಕನೆಯ ಮೈಸೂರು ಯುದ್ಧ ಅಂತ ಎರಡು ಉತ್ತರಗಳಾಗಿ ಬಿಡುತ್ತವೆ. ಹೊಳೆಯ ದಡದಲ್ಲಿ ನಿಂತರೆ ಮಳೆ, ಎತ್ತು, ದವಸದ ಕಥೆಯಾಗುತ್ತವೆ. ಒಂದು ಎತ್ತು ದಿನಕ್ಕೆ ಎಷ್ಟು ಹುಲ್ಲು ತಿನ್ನುತ್ತದೆ ಅಂತ ಪರಿಚಯದ ರೈತರನ್ನು ಮಗಳೇ ಕೇಳಿ ಬರಲಿ. ಸಾವಿರ ಎತ್ತಿಗೆ ಎಷ್ಟು ಅಂತ ಲೆಕ್ಕ ಹಾಕಲಿ. ಗಣಿತಕ್ಕೆ ಬೇರೆ ಪುಸ್ತಕ ಆ ದಿನ ಬೇಡ.

ಒಂದು ಮಾತು ಮರೆಯದೆ ಹೇಳಿ. ಈಗ ನಾವು ನೋಡುವ ಹೊಳೆ ಅಂದಿನ ಹೊಳೆಯಲ್ಲ. 1911ರಲ್ಲಿ ಕಟ್ಟಲು ಶುರು ಮಾಡಿದ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಅಣೆಕಟ್ಟು, ಮೇಲ್ಗಡೆಯೇ ಇದೆ. ನೀರು ಬಿಟ್ಟರೆ ಹೊಳೆ, ಬಿಡದಿದ್ದರೆ ಬಂಡೆ. ಇಂದಿನ ನೋಟವನ್ನೇ ಅಂದಿನದು ಅಂದುಕೊಳ್ಳಬಾರದು ಅನ್ನುವುದು ಇತಿಹಾಸ ಓದುವವರಿಗೆ ಬೇಕಾದ ಮುಖ್ಯ ಎಚ್ಚರ. ಹನ್ನೊಂದರ ವಯಸ್ಸಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ದಿನ ಬರೀ ನಡಿಗೆಗೆ ಇಟ್ಟುಕೊಳ್ಳಿ. ಕೋಟೆಯ ಪಶ್ಚಿಮಕ್ಕೆ, ಗೋಡೆ ಒಡೆದು ಸೈನ್ಯ ಒಳಗೆ ನುಗ್ಗಿದ ಕಡೆ, ಕಲ್ಲಿನ ಸ್ಮಾರಕ ಕಂಬವಿದೆ. ಅಲ್ಲಿಂದ ಟಿಪ್ಪುವಿನ ಶವ ಸಿಕ್ಕಿದ ಜಾಗದವರೆಗೆ ನಡೆಯಿರಿ. ಮಗನ ಕೈಗೆ ವಾಚು ಕೊಡಿ, ಮಗಳು ಹೆಜ್ಜೆ ಎಣಿಸಲಿ. ದಾಳಿ ಶುರುವಾದದ್ದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಸುಡು ಬಿಸಿಲಿನಲ್ಲಿ. ಮನೆಗೆ ಬಂದ ಮೇಲೆ ಅವರೇ ಕೋಟೆಯ ನಕ್ಷೆ ಬರೆಯಲಿ. ಅಳತೆ ತಪ್ಪುತ್ತದೆ. ತಪ್ಪಲಿ. ಮುಂದಿನ ಸಲ ಹೋದಾಗ ಸರಿ ಮಾಡಿಕೊಳ್ಳುತ್ತಾರೆ, ಮತ್ತೆ ಹೋಗಲು ಅದೇ ಒಂದು ನೆಪ.

ಮೂರನೆಯ ಸಲ ದರಿಯಾ ದೌಲತ್‌ಗೆ ಹೋಗಿ. 1784ರ ಬೇಸಿಗೆ ಅರಮನೆ ಅದು. ಅಲ್ಲಿ ಪಶ್ಚಿಮದ ಗೋಡೆಯ ತುಂಬ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಯುದ್ಧ. ಚೌಕವಾಗಿ ನಿಂತ ಬ್ರಿಟಿಷ್ ಸೈನಿಕರು, ಮಧ್ಯೆ ಪಲ್ಲಕ್ಕಿಯಲ್ಲಿ ಅವರ ದಂಡನಾಯಕ ಕರ್ನಲ್ ಬೈಲಿ, ಸಿಡಿಯುತ್ತಿರುವ ಮದ್ದಿನ ಗಾಡಿ. ಚಿತ್ರದ ಮುಂದೆ ಅರ್ಧ ಗಂಟೆ ಕೂರಿಸಿ. ಗೈಡ್ ಬೇಡ. ಕಂಡದ್ದನ್ನು ಕಂಡ ಹಾಗೆ ಹೇಳಲಿ. ಆಮೇಲೆ ಒಂದೇ ಪ್ರಶ್ನೆ: ‘ಇದನ್ನು ಬರೆಸಿದ್ದು ಯಾರು? ಸೋತವರು ಬರೆಸಿದ್ದರೆ ಹೇಗಿರುತ್ತಿತ್ತು?’ ಉತ್ತರ ಹುಡುಕಲು ಮತ್ತೆ ಆ ಸ್ಮಾರಕ ಕಂಬಕ್ಕೆ ಕರೆದುಕೊಂಡು ಹೋಗಿ. ಅದರ ಮೇಲೆ ಯಾರ ಹೆಸರುಗಳಿವೆ, ಯಾರವು ಇಲ್ಲ ಅಂತ ಮಗಳು ನೋಡಿ ಬರೆದುಕೊಳ್ಳಲಿ. ಒಂದೇ ಊರಿನಲ್ಲಿ ಒಂದು ಗೋಡೆ ಒಬ್ಬರ ಗೆಲುವು ಹೇಳುತ್ತದೆ, ಒಂದು ಕಂಬ ಇನ್ನೊಬ್ಬರದು. ಎರಡನ್ನೂ ಸೇರಿಸುವ ಒಬ್ಬ ಮನುಷ್ಯನೂ ಇದ್ದಾನೆ. ಬ್ರಿಟಿಷ್ ಅಧಿಕಾರಿ ಡೇವಿಡ್ ಬೈರ್ಡ್. ಪೊಲ್ಲಿಲೂರಿನಲ್ಲಿ ಸೆರೆ ಸಿಕ್ಕವನು, ಇದೇ ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಸೆರೆಯಲ್ಲಿದ್ದವನು. 1799ರ ದಾಳಿಯ ಮುಂದಾಳು ಅವನೇ. ನನ್ನ ಮಗಳು ಇದನ್ನು ಕೇಳಿ ಎರಡು ದಿನ ಅವನ ಡೈರಿ ಅಂತ ತಾನೇ ಕಲ್ಪಿಸಿಕೊಂಡು ಬರೆದಳು. ಯಾರೂ ಹೇಳಿರಲಿಲ್ಲ.

ಟಿಪ್ಪು ಬಗ್ಗೆ ಮಕ್ಕಳು ಟಿವಿಯಲ್ಲಿ, ನೆಂಟರ ಮನೆಯಲ್ಲಿ ಜಗಳ ಕೇಳಿಯೇ ಕೇಳುತ್ತಾರೆ. ಮುಚ್ಚಿಡಬೇಡಿ. 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದ ಮೇಲೆ ಅವನು ಮಠಕ್ಕೆ ಬರೆದ ಪತ್ರಗಳಿವೆ, ನೆರವು ಕೊಟ್ಟ ದಾಖಲೆ ಇದೆ. 1784ರಲ್ಲಿ ಮಂಗಳೂರು ಕಡೆಯ ಕ್ರೈಸ್ತರನ್ನು ಸೆರೆ ಹಿಡಿದು ಇದೇ ಊರಿಗೆ ನಡೆಸಿಕೊಂಡು ಬಂದದ್ದೂ ದಾಖಲೆಯಲ್ಲಿದೆ. ಕೊಡಗಿನವರ ನೆನಪೂ ಬೇರೆಯೇ ಇದೆ. ಒಬ್ಬನೇ ಮನುಷ್ಯ ಎರಡನ್ನೂ ಮಾಡಿರಬಹುದು ಅನ್ನುವುದನ್ನು ಮಕ್ಕಳು ನಮಗಿಂತ ಸುಲಭವಾಗಿ ಒಪ್ಪುತ್ತಾರೆ. ‘ಒಳ್ಳೆಯವನಾ ಕೆಟ್ಟವನಾ’ ಅಂತ ತೀರ್ಪು ಕೇಳಬೇಡಿ. ‘ನಮಗೆ ಇದು ಹೇಗೆ ಗೊತ್ತಾಯಿತು’ ಅಂತ ಕೇಳಿ.

ಈ ‘ಹೇಗೆ ಗೊತ್ತು’ ಅನ್ನುವುದಕ್ಕೆ ನಾನು ಒಂದು ನೋಟ್‌ಬುಕ್ ಇಡಿಸುತ್ತೇನೆ. ಸಾಮಾನ್ಯ ನೂರು ಪುಟದ್ದು ಸಾಕು. ಅದರಲ್ಲಿ ಮೂರು ಭಾಗ. ಕಣ್ಣಾರೆ ಕಂಡದ್ದು ಒಂದು. ಬೇರೆಯವರು ಹೇಳಿದ್ದು, ಅಂದರೆ ಗೈಡು, ಬೋರ್ಡು, ಪುಸ್ತಕ, ಅಜ್ಜಿ ಎಲ್ಲ ಸೇರಿ, ಒಂದು. ನಾವು ಊಹಿಸಿದ್ದು ಇನ್ನೊಂದು. ಚಿತ್ರದುರ್ಗಕ್ಕೆ ಹೋದರೆ ಓಬವ್ವನ ಕಿಂಡಿ ‘ಕಂಡದ್ದು’. ಓಬವ್ವ ಒನಕೆ ಹಿಡಿದು ಹೈದರಾಲಿಯ ಸೈನಿಕರನ್ನು ಒಬ್ಬೊಬ್ಬರನ್ನೇ ಹೊಡೆದ ಕಥೆ ತಲೆಮಾರಿನಿಂದ ಜನ ಹೇಳಿಕೊಂಡು ಬಂದದ್ದು, ಅದು ‘ಹೇಳಿದ್ದು’. ಆ ಕಿಂಡಿಯಲ್ಲಿ ಏಕಕಾಲಕ್ಕೆ ಇಬ್ಬರು ನುಸುಳಲು ಆಗುತ್ತಿರಲಿಲ್ಲ ಅಂತ ಅಳೆದು ಹೇಳಿದರೆ ‘ಊಹಿಸಿದ್ದು’. ಮೂರಕ್ಕೂ ಬೆಲೆ ಇದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯಬಾರದು ಅಷ್ಟೇ. ಏಳು ವರ್ಷದವನು ಬರೆಯದಿದ್ದರೂ ಪರವಾಗಿಲ್ಲ. ಚಿತ್ರ ಹಾಕಿ ಮೂರು ಬಣ್ಣ ಬಳಿದರೆ ಸಾಕು.

ಒನಕೆ ಅಂದಾಗ ಹೇಳಬೇಕು. ಛದ್ಮವೇಷ ಹಾಕಿಸಿ ಓಬವ್ವ ಮಾಡಿಸುವುದು ಮಕ್ಕಳಿಗೆ ಖುಷಿ, ಮಾಡಿಸಿ. ಆದರೆ ಥರ್ಮಾಕೋಲಿನ ಒನಕೆಯಿಂದ ಏನೂ ತಿಳಿಯುವುದಿಲ್ಲ. ನಿಜವಾದ ಒನಕೆ ಯಾರ ಮನೆಯ ಅಟ್ಟದಲ್ಲಾದರೂ ಸಿಗುತ್ತದೆ. ಎತ್ತಿಸಿ. ಒರಳಿನಲ್ಲಿ ಅರ್ಧ ಸೇರು ಭತ್ತ ಹಾಕಿ ಕುಟ್ಟಿಸಿ. ಹತ್ತು ನಿಮಿಷಕ್ಕೆ ತೋಳು ಸೋಲುತ್ತದೆ. ದಿನವೂ ಅದನ್ನು ಮಾಡುತ್ತಿದ್ದ ಹೆಂಗಸಿನ ತೋಳಿನ ಬಲ ಎಂಥದ್ದು ಅಂತ ಆಗ ಗೊತ್ತಾಗುತ್ತದೆ.

ಇಲ್ಲೇ ನಿಮ್ಮ ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಅವರು ಬೇಜಾರಿನಿಂದ ಹೇಳುತ್ತಿರುವ ಮಾತಿನಲ್ಲಿ ಕಾಳಜಿ ಇದೆ. ಅವರಿಗೆ ಉತ್ತರ ಕೊಡುವ ಬದಲು ಅವರನ್ನೇ ಪಾಠದೊಳಗೆ ಕರೆಯಿರಿ. ಅವರು ರಾಗಿ ಬೀಸಿದವರಾ? ಬೀಸುಕಲ್ಲು ಇದ್ದರೆ ಇಳಿಸಿ, ಒಂದು ಸೇರು ರಾಗಿ ಬೀಸಲು ಎಷ್ಟು ಹೊತ್ತು ಬೇಕು ಅಂತ ಮಕ್ಕಳು ವಾಚು ಹಿಡಿದು ನೋಡಲಿ. ಬೀಸುವಾಗ ಹಾಡುತ್ತಿದ್ದ ಪದ ನೆನಪಿದ್ದರೆ ಹಾಡಲಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಆ ಪದಗಳಲ್ಲಿ ಹೆಚ್ಚಿನವು ಮೂರು ಸಾಲಿನ ತ್ರಿಪದಿ. ಬಾದಾಮಿಯಲ್ಲಿ ಬಂಡೆಯ ಮೇಲೆ ಕೆತ್ತಿರುವ ಕಪ್ಪೆ ಅರಭಟ್ಟನ ಶಾಸನ ಸುಮಾರು 700ರದ್ದು. ಅದರಲ್ಲಿರುವುದೂ ತ್ರಿಪದಿಯೇ. ಅಡುಗೆಮನೆಯ ಪದಕ್ಕೂ ಆ ಬಂಡೆಗೂ ಸಾವಿರದ ಮುನ್ನೂರು ವರ್ಷದ ನಂಟಿದೆ ಅಂತ ಮೊಮ್ಮಗಳು ಅಜ್ಜಿಗೆ ಹೇಳಿದ ದಿನ ನಿಮ್ಮ ಮನೆಯಲ್ಲಿ ಏನಾಗುತ್ತದೆ ನೋಡಿ.

ಮಾವನವರ ಹತ್ತಿರ ದುಡ್ಡಿನ ಕಥೆ ಕೇಳಿಸಿ. 1957ರ ಏಪ್ರಿಲ್ 1ಕ್ಕೆ ನಮ್ಮಲ್ಲಿ ನೂರು ಪೈಸೆಯ ರೂಪಾಯಿ ಬಂತು. ಅದಕ್ಕೆ ಮೊದಲು ಹದಿನಾರು ಆಣೆ. ಆಣೆ ಹೋಗಿ ಇಷ್ಟು ವರ್ಷವಾದರೂ ‘ನಾಲ್ಕಾಣೆ’, ‘ಎಂಟಾಣೆ’ ಅನ್ನುವುದು ಬಾಯಿಂದ ಹೋಗಿಲ್ಲ. ಪಾವು, ಸೇರು, ಕೊಳಗ, ಖಂಡುಗ ಅಂತ ಅಳತೆಗಳನ್ನೂ ಕೇಳಲಿ. ಇದೇ ಖಂಡುಗ ಹಳೆಯ ಶಾಸನಗಳಲ್ಲಿ ಭೂಮಿ ದಾನ ಕೊಡುವ ಕಡೆ ಬರುತ್ತದೆ, ಅಷ್ಟು ಬೀಜ ಬಿತ್ತುವಷ್ಟು ಗದ್ದೆ ಅಂತ. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಅವತ್ತು ಅವರು ಎಲ್ಲಿದ್ದರು, ಏನು ಮಾಡುತ್ತಿದ್ದರು? ಮೊದಲ ಸಂದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಡ. ಬೆಂಗಳೂರು ಕಡೆಗೆ ಹೋಗುವಾಗ ರಾಮನಗರದ ಹತ್ತಿರ ಜಾನಪದ ಲೋಕದಲ್ಲಿ ಇಳಿಯಿರಿ. ಅಲ್ಲಿ ಹಳೆಯ ನೇಗಿಲು, ಕೊಳಗ, ಬೀಸುಕಲ್ಲು ಎಲ್ಲ ಇವೆ. ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಅಲ್ಲಿ ಗೈಡ್ ಅವರೇ.

ನಿಮ್ಮೂರಿನ ಸುತ್ತ ವೀರಗಲ್ಲು ಇದ್ದೇ ಇರುತ್ತದೆ. ಕೆರೆ ಏರಿಯ ಮೇಲೋ, ಮಾರಿಗುಡಿಯ ಹಿಂದೋ, ಬೇಲಿಯಲ್ಲೋ. ದೂರದ ದೊಡ್ಡ ದೇವಸ್ಥಾನಕ್ಕಿಂತ ಅದು ಮಕ್ಕಳಿಗೆ ಒಳ್ಳೆಯ ಪಾಠ, ಯಾಕೆಂದರೆ ಅದನ್ನು ಅವರೇ ‘ಓದಬಹುದು’. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಕೆಳಗೆ ಹಸುಗಳಿದ್ದರೆ ದನ ಕದಿಯಲು ಬಂದವರನ್ನು ತಡೆದು ಸತ್ತವನು. ಏಳು ವರ್ಷದವನಿಗೂ ಇದು ಕಾಮಿಕ್ಸ್ ಹಾಗೆ ಅರ್ಥವಾಗುತ್ತದೆ. ಅಕ್ಷರ ಸವೆದಿದ್ದರೆ ಸಂಜೆ ಕತ್ತಲಾಗುವಾಗ ಹೋಗಿ, ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ ಕಲ್ಲಿಗೆ ತಾಗಿಸಿದ ಹಾಗೆ ಹಿಡಿಯಿರಿ. ಹಗಲು ಕಾಣದ ಗೆರೆಗಳು ನೆರಳಿನಿಂದ ಎದ್ದು ಬರುತ್ತವೆ. ಮಕ್ಕಳು ಕೂಗುತ್ತಾರೆ ಆಗ! ಆದರೆ ಸೀಮೆಸುಣ್ಣ ಉಜ್ಜುವುದು, ಎಣ್ಣೆ ಹಚ್ಚುವುದು, ಕಡ್ಡಿಯಿಂದ ಕೆರೆಯುವುದು ಬೇಡವೇ ಬೇಡ. ಕೈಯಾರೆ ಕಲಿಯುವುದು ಅಂದರೆ ಹಳೆಯ ಕಲ್ಲಿನ ಮೇಲೆ ಕೈ ಆಡಿಸುವುದಲ್ಲ. ಕೆತ್ತುವ ಆಸೆ ಇದ್ದರೆ ಒಂದು ಸಾಬೂನು ಕೊಡಿ, ಅದರ ಮೇಲೆ ತಮ್ಮ ಹೆಸರು ಕೆತ್ತಲಿ. ಹತ್ತು ಅಕ್ಷರಕ್ಕೆ ಎಷ್ಟು ಹೊತ್ತಾಯಿತು ಅಂತ ನೋಡಿ, ಹಲ್ಮಿಡಿ ಶಾಸನ ಕೆತ್ತಿದವನನ್ನು ನೆನೆಯಲಿ.

ಮುಂದೆ ಹಂಪಿಗೆ ಮತ್ತೆ ಹೋದರೂ ಹೀಗೆಯೇ. ಬಂಡೆಗಳ ಮೇಲೆ ಸಾಲಾಗಿ ಚೌಕದ ಸಣ್ಣ ಗುಳಿಗಳು ಕಾಣುತ್ತವೆ, ಕಲ್ಲು ಸೀಳಲು ತೋಡಿದ್ದವು. ಕೆಲವು ಬಂಡೆ ಅರ್ಧ ಸೀಳಿ ಹಾಗೆಯೇ ಬಿಟ್ಟಿವೆ. ಮೆಟ್ಟಿಲು ಮೆಟ್ಟಿಲಾಗಿರುವ ಪುಷ್ಕರಣಿಯ ಕಲ್ಲುಗಳ ಮೇಲೆ ಯಾವ ಕಲ್ಲು ಎಲ್ಲಿ ಕೂರಬೇಕು ಅಂತ ಕೆಲಸದವರು ಹಾಕಿಕೊಂಡ ಗುರುತುಗಳಿವೆ. ರಾಜನ ಹೆಸರು ಮರೆತರೂ ಆ ಗುರುತು ಮಕ್ಕಳಿಗೆ ನೆನಪಿರುತ್ತದೆ, ಯಾಕೆಂದರೆ ಆಟಿಕೆ ಜೋಡಿಸುವಾಗ ಅವರೂ ಹಾಗೆಯೇ ಮಾಡುತ್ತಾರೆ. ವಿಜಯನಗರ ಕಾಲದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿದು ಗದ್ದೆ ಬಾಳೆತೋಟಕ್ಕೆ ಹೋಗುತ್ತದೆ. ಎರಡು ದಿನವಿದ್ದರೆ ಒಂದು ದಿನ ಕಲ್ಲು, ಒಂದು ದಿನ ನೀರು. ಸಾಕು.

ಸ್ವಾತಂತ್ರ್ಯ ಹೋರಾಟವನ್ನು ಕೈಯಾರೆ ಕಲಿಸಲು ನಮ್ಮಲ್ಲಿ ಎರಡು ದಾರಿ ತುಂಬ ಚೆನ್ನಾಗಿವೆ, ಉಪ್ಪು ಮತ್ತು ಬಾವುಟ. 1930ರ ಉಪ್ಪಿನ ಸತ್ಯಾಗ್ರಹ ಕರ್ನಾಟಕದಲ್ಲಿ ಮುಖ್ಯವಾಗಿ ನಡೆದದ್ದು ಅಂಕೋಲೆಯಲ್ಲಿ. ಕರಾವಳಿಗೆ ಹೋದಾಗ ಶುದ್ಧವಿರುವ ಕಡೆಯಿಂದ ಒಂದು ಲೀಟರ್ ಸಮುದ್ರದ ನೀರು ತುಂಬಿಸಿಕೊಂಡು, ಬಟ್ಟೆಯಲ್ಲಿ ಸೋಸಿ, ನೀವು ಜೊತೆಗಿದ್ದು ಒಲೆಯ ಮೇಲೆ ಇಂಗಿಸಿ. ಸುಮಾರು 35 ಗ್ರಾಂ ಉಪ್ಪು ಉಳಿಯುತ್ತದೆ. ಎಷ್ಟು ಸೌದೆ, ಎಷ್ಟು ಹೊತ್ತು, ಎಷ್ಟು ಉಪ್ಪು! ‘ಇಷ್ಟಕ್ಕೆ ಜೈಲಾ?’ ಅಂತ ಕೇಳಿಯೇ ಕೇಳುತ್ತಾರೆ. ಉಪ್ಪು ಇಲ್ಲದೆ ಯಾರೂ ಬದುಕಲಾಗದು, ಬಡವನೂ ತೆರಿಗೆ ಕಟ್ಟಲೇಬೇಕು ಅನ್ನುವುದನ್ನು ಆಗ ಹೇಳಿ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆಗಳಿವೆ. ಬೇಸಿಗೆಯಲ್ಲಿ ಹೋದರೆ ಬಿಸಿಲೇ ಆ ಕೆಲಸ ಮಾಡುವುದನ್ನು ನೋಡಬಹುದು.

ಬಾವುಟದ ಕಥೆ ನಿಮಗೆ ಇನ್ನೂ ಹತ್ತಿರ. ಮದ್ದೂರಿನ ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ, ನಿಷೇಧವಿದ್ದರೂ, ಟಿ. ಸಿದ್ಧಲಿಂಗಯ್ಯನವರ ಮುಂದಾಳತ್ವದಲ್ಲಿ ರಾಷ್ಟ್ರಧ್ವಜ ಹಾರಿಸಿದರು. ಅದೇ ತಿಂಗಳ 25ಕ್ಕೆ ಗೌರಿಬಿದನೂರು ಕಡೆಯ ವಿದುರಾಶ್ವತ್ಥದಲ್ಲಿ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಎಷ್ಟು ಅಂತ ಸರ್ಕಾರ ಹೇಳಿದ ಲೆಕ್ಕ ಬೇರೆ, ಜನ ಹೇಳಿದ ಲೆಕ್ಕ ಬೇರೆ. ನೋಟ್‌ಬುಕ್‌ನ ‘ಹೇಳಿದ್ದು’ ಭಾಗದಲ್ಲಿ ಎರಡನ್ನೂ ಬರೆಸಿ, ಪಕ್ಕದಲ್ಲಿ ಯಾರು ಹೇಳಿದ್ದು ಅಂತಲೂ ಬರೆಸಿ. ಮನೆಯಲ್ಲಿ ತಕಲಿಯಿಂದ ನೂಲು ತೆಗೆಯಲು ಕಲಿಸಿ. ಮೊದಲ ವಾರ ನೂಲು ತುಂಡಾಗುತ್ತಲೇ ಇರುತ್ತದೆ. ಹುಬ್ಬಳ್ಳಿ ಕಡೆ ಹೋದರೆ ಬೆಂಗೇರಿಯ ಖಾದಿ ಕೇಂದ್ರದಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ, ಮೊದಲೇ ಕೇಳಿಕೊಂಡು ಹೋಗಿ. ಒಂದು ಗೇಣು ನೂಲು ತೆಗೆಯಲು ಕಷ್ಟಪಟ್ಟ ಮಗು ಆ ಬಟ್ಟೆಯನ್ನು ನೋಡುವ ರೀತಿಯೇ ಬೇರೆ.

ಇಸವಿಗಳು ಬೇಡವಾ ಅಂತ ಕೇಳಬಹುದು. ಬೇಕು, ಆದರೆ ಬಾಯಿಪಾಠಕ್ಕಲ್ಲ. ಪಡಸಾಲೆಯಲ್ಲಿ ಒಂದು ದಾರ ಕಟ್ಟಿ, ನೂರು ವರ್ಷಕ್ಕೆ ಒಂದು ಅಡಿ. ಈ ತುದಿ ಇವತ್ತು. 1947 ಒಂದು ಅಡಿಯೊಳಗೇ ಬರುತ್ತದೆ. ಶ್ರೀರಂಗಪಟ್ಟಣ ಬಿದ್ದದ್ದು ಎರಡೂಕಾಲು ಅಡಿಯಲ್ಲಿ. ಬೇಲೂರು ದೇವಸ್ಥಾನದ 1117 ಒಂಬತ್ತು ಅಡಿ ದೂರ. ಹಲ್ಮಿಡಿ ಶಾಸನ ಹದಿನಾರು ಅಡಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನಕ್ಕೆ ಸುಮಾರು ಇಪ್ಪತ್ತಮೂರು ಅಡಿ ದಾರ ಬೇಕು, ಅಂದರೆ ಅಡುಗೆಮನೆಯವರೆಗೆ ಹೋಗಬೇಕು! ಅಜ್ಜಿ ಹುಟ್ಟಿದ ವರ್ಷಕ್ಕೂ ಒಂದು ಚೀಟಿ ಸಿಕ್ಕಿಸಿ. ಹೋಗಿ ಬಂದ ಪ್ರತಿ ಜಾಗಕ್ಕೆ ಒಂದು ಚೀಟಿ. ವರ್ಷದ ಕೊನೆಗೆ ದಾರವೇ ಪುಸ್ತಕ.

ಇನ್ನು ಪರೀಕ್ಷೆ. ನಮ್ಮ ದೇಶದಲ್ಲಿ ಹೋಮ್‌ಸ್ಕೂಲಿಂಗ್ ಮಾಡಬಾರದು ಅಂತ ಹೇಳುವ ಪ್ರತ್ಯೇಕ ಕಾನೂನಿಲ್ಲ, ಅದಕ್ಕೆಂದೇ ನೋಂದಣಿಯೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಬಗ್ಗೆ ಮಾತಾಡುತ್ತದೆ, ಅದನ್ನು ಒಂದು ಸಲ ಓದಿಕೊಂಡಿರಿ. ಹೆಚ್ಚಿನವರು ಹಿಡಿಯುವ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್. ಅದರಲ್ಲಿ 3, 5 ಮತ್ತು 8ನೆಯ ತರಗತಿಗೆ ಸಮನಾದ ಹಂತಗಳಿವೆ, 14 ತುಂಬಿದ ಮೇಲೆ 10ನೆಯ ತರಗತಿಗೆ ಕಟ್ಟಬಹುದು. ಮಗಳಿಗೆ ಇನ್ನೂ ಮೂರು ವರ್ಷವಿದೆ. ನನ್ನ ಅನುಭವದಲ್ಲಿ ಪರೀಕ್ಷೆಯ ಪುಸ್ತಕಕ್ಕೆ ಕೊನೆಯ ಒಂದು ವರ್ಷ ಸಾಕು. ಆದರೆ ಬರೆಯುವ ಅಭ್ಯಾಸ ಮಾತ್ರ ಈಗಿನಿಂದಲೇ ಇರಲಿ. ಪ್ರತಿ ಭೇಟಿ ಮುಗಿದ ಮೇಲೆ ಮಗಳು ಒಂದು ಪುಟ ಬರೆಯಲೇಬೇಕು, ಅದರಲ್ಲಿ ರಾಜಿ ಬೇಡ. ನೋಟ್‌ಬುಕ್, ನಕ್ಷೆ, ಫೋಟೋ ಎಲ್ಲಕ್ಕೂ ದಿನಾಂಕ ಹಾಕಿ ಇಡಿ. ಯಾರಾದರೂ ‘ಏನು ಓದುತ್ತಿದ್ದಾರೆ’ ಅಂದರೆ ತೆಗೆದು ತೋರಿಸಲು ಬರುತ್ತದೆ, ಮುಂದೆ ಶಾಲೆಗೆ ಸೇರಿಸಬೇಕಾಗಿ ಬಂದರೂ ಉಪಯೋಗಕ್ಕೆ ಬರುತ್ತದೆ.

ಖರ್ಚು ಜಾಸ್ತಿ ಆಗುವುದಿಲ್ಲ. ತಿಂಗಳಿಗೆ ಒಂದು ಭೇಟಿ ಸಾಕು, ಉಳಿದ ದಿನ ಮನೆಯ ಕೆಲಸ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ ಬೇಗ ಹೋಗಿ, ಜನ ಕಡಿಮೆ, ಬಿಸಿಲೂ ಕಡಿಮೆ. ಶಾಲೆ ಇಲ್ಲದ ಮನೆಗೆ ಇರುವ ದೊಡ್ಡ ಅನುಕೂಲವೇ ಅದು. ಎರಡು ಗಂಟೆಗಿಂತ ಹೆಚ್ಚು ಹೊತ್ತು ಒಂದು ಜಾಗದಲ್ಲಿ ಹಿಡಿದಿಡಬೇಡಿ. ಚಿಕ್ಕವನಿಗೆ ಸಾಕಾದರೆ ಎದ್ದು ಬನ್ನಿ. ಮತ್ತೆ ಹೋಗುವುದು ಇದ್ದೇ ಇದೆ ಅಲ್ವಾ?

ಈ ವರ್ಷ ಹೀಗೆ ಮಾಡಿ. ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ಶ್ರೀರಂಗಪಟ್ಟಣದ ಆ ಕಂಬದ ಹತ್ತಿರ ಹೋಗಿ, ಹೊಳೆಯ ಚಿತ್ರ ಬರೆಸಿ. ಎಷ್ಟು ಬಂಡೆ ಕಾಣುತ್ತವೆ ಅಂತ ಮಗ ಎಣಿಸಲಿ. ಏನೂ ವಿವರಿಸಬೇಡಿ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ಹೊಳೆಗೆ ನೀರು ಬಿಟ್ಟರು ಅಂತ ಪೇಪರ್‌ನಲ್ಲಿ ಬಂದ ಮರುದಿನ, ಅದೇ ನೋಟ್‌ಬುಕ್ ಹಿಡಿದು ಅದೇ ಜಾಗಕ್ಕೆ ಹೋಗಿ. ದಡದಿಂದ ದೂರವೇ ನಿಲ್ಲಿಸಿ, ನೀರಿನ ಹತ್ತಿರ ಬಿಡಬೇಡಿ. ಏಪ್ರಿಲ್‌ನ ಚಿತ್ರ ತೆರೆದು ಕೈಗೆ ಕೊಡಿ. ಮೊದಲು ಅವರೇ ಮಾತಾಡಲಿ.